ಹಿಂದಕ್ಕೆ ಹತ್ತುತ್ತಿದ್ದ ಕಾರು

ಬಾಲ್ಯದ ಬಗ್ಗೆ ಬರೆಯುವವರೆಲ್ಲ ಮಲ್ಲಿಗೆಯ ವಾಸನೆ, ತುಪ್ಪದ ವಾಸನೆ ಎಂದು ಬರೆಯುತ್ತಾರೆ. ಬರೆದುಕೊಳ್ಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ನನ್ನ ಬಾಲ್ಯದ ಸಂಜೆಗಿದ್ದದ್ದು ಸುಟ್ಟ ಕ್ಲಚ್ ಪ್ಲೇಟಿನ ವಾಸನೆ. ಗಂಡಸಿಯ ಅಂಚಿನಲ್ಲಿದ್ದ ನಮ್ಮ ಮನೆ ರಸ್ತೆಗಿಂತ ಒಂದಾಳು ಎತ್ತರದಲ್ಲಿತ್ತು. ರಸ್ತೆಯಿಂದ ಅಂಗಳಕ್ಕೆ ಚಪ್ಪಡಿ ಕಲ್ಲು ಹಾಸಿದ ಒಂದು ಏರು, ಅದರ ಅಗಲ ಸರಿಯಾಗಿ ಒಂದು ಕಾರಿನಷ್ಟು. ಮೇಲೆ ಹೋದರೆ ಬಲಕ್ಕೆ ಹುಲ್ಲಿನ ಬಣವೆ, ಎಡಕ್ಕೆ ದನದ ಕೊಟ್ಟಿಗೆ, ನಡುವೆ ಶೀಟು ಹೊದಿಸಿದ ಮಾಡಿನಡಿ ಕಾರು. ಅಲ್ಲಿ ಕಾರು ತಿರುಗಿಸುವುದಿರಲಿ, ಬಾಗಿಲು ಪೂರ್ತಿ ತೆಗೆಯಲೂ ಜಾಗವಿರಲಿಲ್ಲ. ಅಮ್ಮ ಕಣಕಟ್ಟೆಯ ಸರ್ಕಾರಿ ಶಾಲೆಯಲ್ಲಿ ಟೀಚರು. ದಿನಾ ಸಂಜೆ ಅಲ್ಲಿಂದ ಹೊರಟು, ಅರಸೀಕೆರೆಯಲ್ಲಿ ನನ್ನ ಶಾಲೆಯ ಮುಂದೆ ನನ್ನನ್ನು ಹತ್ತಿಸಿಕೊಂಡು, ಮನೆಯ ಮುಂದಿನ ರಸ್ತೆಯಲ್ಲೇ ಕಾರು ತಿರುಗಿಸಿ, ಆ ಏರನ್ನು ಹಿಂದಕ್ಕೆ ಹತ್ತಿಸುತ್ತಿದ್ದಳು. ಕತ್ತು ಹಿಂದಕ್ಕೆ ಹೊರಳಿಸಿ, ಎಡಗಾಲನ್ನು ಕ್ಲಚ್ಚಿನ ಮೇಲೆ ಅರ್ಧಕ್ಕೆ ಹಿಡಿದು, ಇಂಚಿಂಚಾಗಿ. ಎಂಜಿನ್ನು ಗೋಳಾಡುತ್ತಿತ್ತು. ಮೇಲೆ ಅಜ್ಜಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಆ ಕಮಟು ವಾಸನೆ ಊದುಬತ್ತಿಯ ಜೊತೆ ಬೆರೆತು ನಡುಮನೆಗೆ ಬರುತ್ತಿತ್ತು.

ಇದೇಕೆ ಹೀಗೆ ಎಂದರೆ ಅಜ್ಜಿಯದೊಂದು ಕಟ್ಟಳೆ. ಮನೆಯಿಂದ ಹೊರಡುವ ಗಾಡಿ ಹಿಂದೆಹಿಂದಕ್ಕೆ ಹೋಗಬಾರದು; ಮುಖ ಮುಂದಾಗಿಯೇ ಹೊರಡಬೇಕು. ಬೆಳಿಗ್ಗೆ ಮುಂದಕ್ಕೆ ಹೊರಡಬೇಕಾದರೆ ಸಂಜೆ ಹಿಂದಕ್ಕೆ ಹತ್ತಲೇಬೇಕಲ್ಲ. ಅಜ್ಜಿ ದೊಡ್ಡ ದನಿಯಲ್ಲಿ ಹೇಳಿದ್ದನ್ನು ನಾನು ಒಂದು ಸಲವೂ ಕೇಳಿಲ್ಲ. ನಮ್ಮ ಮನೆಯ ಕಟ್ಟಳೆಗಳೇ ಹಾಗೆ, ಯಾರೂ ಹೇಳುತ್ತಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಅಟ್ಟದ ಮೇಲೆ ಕೊಬ್ಬರಿಯಾಗಲು ಬಿಟ್ಟ ಕಾಯಿಗಳನ್ನು ಮಕ್ಕಳು ಅಲ್ಲಾಡಿಸಿ ನೋಡಬಾರದು, ಮುದ್ದೆ ಮುರಿಯುವ ಮುಂಚೆ ಎದ್ದು ನೀರು ಕುಡಿಯಬಾರದು, ಹಾಗೇ ಇದೂ ಒಂದು.

ಅಮ್ಮ ಕುಳ್ಳಿ. ಸೀಟಿನ ಮೇಲೆ ದಿಂಬಿಟ್ಟುಕೊಂಡು ಓಡಿಸುತ್ತಿದ್ದಳು. ಅವಳ ಎಡಮಂಡಿ ನೋಯುತ್ತಿತ್ತು. ಊಟವಾದ ಮೇಲೆ ಅಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತರೆ ಅಜ್ಜಿ ಹರಳೆಣ್ಣೆ ಬೆಚ್ಚಗೆ ಮಾಡಿ ತಂದು ಅವಳ ಮಂಡಿಗೆ ತಿಕ್ಕುತ್ತಿದ್ದಳು. ಮಂಡಿ ಯಾಕೆ ನೋಯುತ್ತದೆ ಎಂದು ಅಜ್ಜಿ ಕೇಳಲಿಲ್ಲ, ಅಮ್ಮ ಹೇಳಲಿಲ್ಲ. ಅತ್ತೆ ಸೊಸೆ ಒಬ್ಬರಿಗೊಬ್ಬರು ತುಂಬ ಬೇಕಾದವರು. ಬೇಕಾದವರ ನಡುವೆಯೇ ಮಾತು ಹೀಗೆ ಕಟ್ಟಿಹೋಗುವುದು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ನನಗೆ ಒಂಬತ್ತು ವರ್ಷವಿದ್ದಾಗ, ಒಂದು ಶುಕ್ರವಾರ ಸಂಜೆ ಕಾರು ಏರಿನ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಎಂಜಿನ್ನು ಕೂಗುತ್ತಲೇ ಇದೆ, ಚಕ್ರ ಮಾತ್ರ ಅಲ್ಲಾಡಲೊಲ್ಲದು. ಬಾನೆಟ್ಟಿನ ಕೆಳಗಿನಿಂದ ಹೊಗೆ ಬಂತು. ಅಮ್ಮ ಬ್ರೇಕು ಒತ್ತಿಕೊಂಡು ಕೂತಳು, ನಾನು ಇಳಿದು ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟೆ. ಅಪ್ಪ ತೋಟದಿಂದ ಬಂದ, ಶಿವು ಚಿಕ್ಕಪ್ಪ ಬಂದ, ಎಲ್ಲರೂ ಸೇರಿ ಹಿಡಿದುಕೊಂಡು ಕಾರನ್ನು ಕೆಳಗಿಳಿಸಿ ರಸ್ತೆಯ ಬದಿಗೆ ನಿಲ್ಲಿಸಿದರು. ಒಂದು ವರ್ಷದೊಳಗೆ ಇದು ಎರಡನೇ ಕ್ಲಚ್ಚು. ಅಪ್ಪ ಕೈಯೊರೆಸಿಕೊಳ್ಳುತ್ತ ಅಮ್ಮನ ಕಡೆ ನೋಡಿದ ರೀತಿ ನನಗೆ ಹಿಡಿಸಲಿಲ್ಲ.

ಅವತ್ತು ಊಟಕ್ಕೆ ಮುದ್ದೆ, ಹುರುಳಿ ಬಸ್ಸಾರು. ಸಾಮಾನ್ಯವಾಗಿ ಬಸ್ಸಾರಿನ ದಿನ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಸೊರ್ ಸೊರ್ ಎಂದು ಉಣ್ಣುವ ಸದ್ದಷ್ಟೇ. ಅವತ್ತು ಮಾತೋ ಮಾತು.

"ಕಾಲು ಕ್ಲಚ್ ಮೇಲೇ ಇಟ್ಕೊಂಡು ಓಡಿಸಿದ್ರೆ ಇನ್ನೇನಾಯ್ತದೆ ಗಿರಿಜಾ," ಎಂದ ಅಪ್ಪ. "ಈ ಸಲ ಲೋಡ್ ಗಾಡಿಗೆ ಹಾಕ್ತಾರಲ್ಲ, ಹೆವಿ ಸೆಟ್ಟು, ಅದ್ನೇ ಹಾಕ್ಸೋದು. ದಪ್ಪ ಫ್ಲೈವೀಲು, ಗಟ್ಟಿ ಸ್ಪ್ರಿಂಗು. ಸುಡ್ಲಿ ನೋಡಣ."

"ಹೆವಿ ಹಾಕ್ಸಿದ್ರೆ ಗಾಡಿ ಎಮ್ಮೆ ಆಗೋಯ್ತದೆ ಕಣಣ್ಣ," ಎಂದ ಶಿವು ಚಿಕ್ಕಪ್ಪ. ಅವನು ಟ್ಯಾಕ್ಸಿ ಓಡಿಸುತ್ತಿದ್ದ, ಪ್ರವಾಸಿಗರನ್ನು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋಗಿ ಬರುವುದು. ಆದ್ದರಿಂದ ಕಾರಿನ ವಿಷಯದಲ್ಲಿ ಮನೆಯಲ್ಲಿ ತಾನೇ ದೊಡ್ಡವನು ಎಂದುಕೊಂಡಿದ್ದ. "ಫ್ಲೈವೀಲು ತುರಿಸಿ ಹಗುರ ಮಾಡ್ಸು. ಪಿಕಪ್ಪು ಹೆಂಗ್ ಬತ್ತದೆ ನೋಡು. ಒಂದೇ ಏಟಿಗೆ ಏರು ಹತ್ತೋಯ್ತದೆ."

"ಮೆತ್ತಗಿರೋದು ಹಾಕ್ಸಿದ್ರೆ ಸಾಕು," ಎಂದಳು ಅಮ್ಮ. ಅಷ್ಟೇ ಅವಳ ಮಾತು.

ಅಪ್ಪ ಅನ್ನಕ್ಕೆ ಮಜ್ಜಿಗೆ ಕಲೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೇಳಿದ:

"ಹೆವಿ ಸೆಟ್ಟು ತುಳಿಯಾಕೆ ಆಗಲ್ಲ ಅಂದ್ರೆ ಇನ್ನೊಂದ್ ದಾರಿ ಐತೆ. ಕಣಕಟ್ಟೇಲೇ ಒಂದು ರೂಮ್ ಮಾಡ್ಕೊ. ಸೋಮವಾರ ಹೋಗಿ ಶನಿವಾರ ಬಾ. ಸುಮಿ ಇಲ್ಲೇ ಇರ್ಲಿ, ಬಸ್ಸಲ್ಲಿ ಅರಸೀಕೆರೆಗೆ ಹೋಗ್ ಬತ್ತಾಳೆ."

ಸುಮಿ ಎಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ. ಅಮ್ಮ ಬಸ್ಸಿನಲ್ಲಿ ಹೋದರೆ ಅರಸೀಕೆರೆಯಲ್ಲಿ ಬದಲಾಯಿಸಬೇಕು. ಗಂಡಸಿಯಿಂದ ಮೊದಲ ಬಸ್ಸು ಹಿಡಿದರೂ ಅಮ್ಮ ಪ್ರಾರ್ಥನೆಯ ಹೊತ್ತಿಗೆ ಶಾಲೆ ಮುಟ್ಟುತ್ತಿರಲಿಲ್ಲ. ಕಾರಿತ್ತು, ಆದ್ದರಿಂದ ಅಮ್ಮ ಮನೆಯಲ್ಲಿದ್ದಳು. ಕಾರಿಲ್ಲದಿದ್ದರೆ, ಅಥವಾ ಅವಳಿಗೆ ತುಳಿಯಲಾಗದ ಕಾರಾಗಿಬಿಟ್ಟರೆ, ಅವಳು ವಾರಕ್ಕೊಮ್ಮೆ ಬರುವ ನೆಂಟಳಾಗುತ್ತಿದ್ದಳು. ಇಷ್ಟು ಲೆಕ್ಕ ಒಂಬತ್ತು ವರ್ಷದವಳಿಗೂ ಬರುತ್ತದೆ. ಅಮ್ಮ ಈಗ "ಆಗಲ್ಲ, ಮಗು ಬಿಟ್ಟು ನಾನಿರಲ್ಲ" ಎನ್ನುತ್ತಾಳೆ ಎಂದು ಕಾದೆ. ಅವಳು ಅನ್ನಲಿಲ್ಲ. ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದಳು. ಆ ಮೌನಕ್ಕೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಪ್ಪನ ಮೇಲಲ್ಲ, ಅವಳ ಮೇಲೆ. ಅವತ್ತಿನಿಂದ ಐದು ದಿನ ನಾನು ಅಮ್ಮನ ಜೊತೆ ಸರಿಯಾಗಿ ಮಾತಾಡಲಿಲ್ಲ. ಜಡೆ ಹೆಣೆಯಲು ಬಂದರೆ ಅಜ್ಜಿಯ ಹತ್ತಿರ ಹೋಗಿ ಕೂರುತ್ತಿದ್ದೆ.

ಭಾನುವಾರ ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಅರಸೀಕೆರೆಗೆ ಎಳೆದುಕೊಂಡು ಹೋದರು. ಅಪ್ಪ ಅಮ್ಮನ ಜೊತೆ ನಾನೂ ಹಟ ಮಾಡಿ ಹೋದೆ. ಮೆಕ್ಯಾನಿಕ್ ನಂಜುಂಡಣ್ಣನ ಗ್ಯಾರೇಜು ರೈಲ್ವೆ ಹಳಿಯ ಆಚೆಗಿತ್ತು. ನಂಜುಂಡಣ್ಣ ಹಣೆ ತುಂಬ ವಿಭೂತಿ ಹಚ್ಚಿದ ಮನುಷ್ಯ. ವಿಭೂತಿಯ ಮೇಲೆ ಮಸಿ, ಮಸಿಯ ಮೇಲೆ ಬೆವರು. ಮಾತು ಕಡಿಮೆ, ಬಾಯಿ ಬಿಟ್ಟರೆ ಕುಟುಕು. ಅಪ್ಪ ಹೆವಿ ಸೆಟ್ಟಿನ ವಿಷಯ ಶುರು ಮಾಡಿದ. ನಂಜುಂಡಣ್ಣ ಕೇಳಿಸದವನಂತೆ ಕಾರಿನ ಅಡಿಗೆ ಹೋದ. ಗೇರ್ ಬಾಕ್ಸು ಇಳಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಒಂದೊಂದೇ ತಂದು ಗೋಣಿಚೀಲದ ಮೇಲಿಟ್ಟ. ಕ್ಲಚ್ ಪ್ಲೇಟು ಸೀದ ರೊಟ್ಟಿಯ ಹಾಗೆ ಕರ್ರಗಾಗಿ, ಮೇಲಿನ ಪದರವೆಲ್ಲ ಸವೆದು ಮೊಳೆಗಳು ಕಾಣುತ್ತಿದ್ದವು. ಫ್ಲೈವೀಲು ದೊಡ್ಡದೊಂದು ಕಬ್ಬಿಣದ ಚಕ್ರ, ಅಪ್ಪ ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದ. ಅದರ ನುಣುಪು ಮೈಮೇಲೆ ನೀಲಿ ನೀಲಿ ಕಲೆಗಳು, ಕೂದಲೆಳೆಯಂಥ ಬಿರುಕುಗಳು.

ಇದೇನಣ್ಣ ಎಂದು ನಾನು ಕೇಳಿದೆ. ನಂಜುಂಡಣ್ಣ ತನ್ನ ಎರಡು ಅಂಗೈ ಜೋಡಿಸಿ ತೋರಿಸಿದ.

"ಇದು ಫ್ಲೈವೀಲು, ಎಂಜಿನ್ ಕಡೇದು. ಇದು ಪ್ಲೇಟು, ಚಕ್ರದ ಕಡೇದು. ಗಟ್ಟಿ ಒತ್ತಿದ್ರೆ ಎರಡೂ ಒಟ್ಟಿಗೆ ತಿರುಗ್ತವೆ. ಪೂರ್ತಿ ಬಿಟ್ರೆ ಯಾರ ಪಾಡಿಗೆ ಅವರು. ಅರ್ಧ ಒತ್ತಿ ಉಜ್ಜು ನೋಡಣ."

ನಾನು ಅಂಗೈ ಉಜ್ಜಿದೆ. ಬಿಸಿಯಾಯಿತು.

"ಹಾಂ. ನಿಮ್ಮನೇಲಿ ಯಾರೋ ದಿನಾ ಹಿಂಗ್ ಉಜ್ತಾವ್ರೆ," ಎಂದ.

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಫ್ಲೈವೀಲಿನ ಕಡೆ ನೋಡಿದಳು. ಅಪ್ಪ ಮತ್ತೆ ತನ್ನ ರಾಗ ತೆಗೆದ, ಏನಾದರಾಗಲಿ ಹೆವಿ ಸೆಟ್ಟೇ ಇರಲಿ ಎಂದು. ಆಗ ನಂಜುಂಡಣ್ಣ ಪಕ್ಕದಲ್ಲಿ ನಿಂತಿದ್ದ ಒಂದು ಲೋಡ್ ಗಾಡಿಯ ಬಾಗಿಲು ತೆಗೆದ.

"ಇದಕ್ಕೆ ನೀವು ಹೇಳೋ ಸೆಟ್ಟೇ ಐತೆ. ಹತ್ತಿ ಕೂತ್ಕಳಿ ಗೌಡ್ರೆ. ಕ್ಲಚ್ ತುಳೀರಿ. ಇಲ್ಲಿಂದ ಗಂಡಸಿಗೆ ಹೋಗಗಂಟ ಎಷ್ಟ್ ಸಲ ತುಳೀಬೇಕೋ ಅಷ್ಟ್ ಸಲ ತುಳೀರಿ. ನಾನು ಟೀ ಕುಡ್ಕಂಡ್ ಬತ್ತೀನಿ."

ಅಪ್ಪ ಮೀಸೆಯಡಿಯಲ್ಲೇ ನಕ್ಕು ಹತ್ತಿದ. ಮೊದಲ ಇಪ್ಪತ್ತು ಸಲ ನಗುತ್ತಲೇ ತುಳಿದ. ನಾನು ಕೆಳಗೆ ನಿಂತು ಎಣಿಸುತ್ತಿದ್ದೆ, ಬೇಕೆಂದೇ ಗಟ್ಟಿಯಾಗಿ. ಮೂವತ್ತಾಗುವಾಗ ನಗು ಹೋಯಿತು. ನಲವತ್ತೈದಕ್ಕೆ ಅಪ್ಪ ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದುಕೊಂಡು ಹಿಂದಕ್ಕೊರಗಿದ. ಅರವತ್ತು ಮುಟ್ಟಲಿಲ್ಲ. ತೆಂಗಿನ ಮರ ಹತ್ತುವ ಕಾಲು ಅದು, ಇಳಿಯುವಾಗ ನಡುಗುತ್ತಿತ್ತು. ಅಮ್ಮ ಬೇರೆ ಕಡೆ ತಿರುಗಿಕೊಂಡಳು. ನಕ್ಕಳು ಎಂದು ನನ್ನ ಅನುಮಾನ.

"ಇನ್ನು ನಮ್ಮ ಶಿವು ಹಗುರ ಮಾಡ್ಸು ಅಂತಾನಲ್ಲ," ಎಂದ ಅಪ್ಪ, ತಗ್ಗಿದ ದನಿಯಲ್ಲಿ.

"ಹಗುರ ಮಾಡಿದ್ರೆ ಎಂಜಿನ್ ಬೇಗ ಏರ್ತದೆ, ಅಷ್ಟೇ ಬೇಗ ಸಾಯ್ತದೆ. ಈ ಚಕ್ರದ ತೂಕ ಇರೋದೇ ನಿಂತ ಗಾಡಿ ಮೆಲ್ಲಗೆ ಹೊರಡ್ಲಿ ಅಂತ. ತೂಕ ತೆಗುದ್ರೆ ಸಂತೆ ದಿನ ಪೇಟೆ ಬೀದೀಲಿ ಹತ್ತ್ ಸಲ ಆಫ್ ಆಯ್ತದೆ. ದಿನಾ ಓಡಾಡೋ ಗಾಡಿಗೆ ಅದೆಲ್ಲ ಯಾಕೆ." ನಂಜುಂಡಣ್ಣ ಫ್ಲೈವೀಲಿನ ಮೇಲೆ ಉಗುರೆಳೆದು ನೋಡಿದ. "ಬಿರುಕು ಆಳಕ್ಕಿಳಿದಿಲ್ಲ. ಲೇತಿಗೆ ಹಾಕಿ ಮೇಲೆ ಒಂದು ಪದರ ತೆಗೆಸ್ತೀನಿ. ಮಾಮೂಲಿ ಪ್ಲೇಟು, ಮಾಮೂಲಿ ಸ್ಪ್ರಿಂಗು. ಆದ್ರೆ ಏನ್ ಉಜ್ತಿದೀರೋ ಅದು ನಿಲ್ಲಿಸ್ದೆ ಹೋದ್ರೆ ಆರು ತಿಂಗಳಿಗೆ ಮತ್ತೆ ಇಲ್ಲೇ ಬತ್ತೀರ. ಟೀಚರಮ್ಮ, ನೀವೇ ಹೇಳಿ. ಎಲ್ಲಿ ಉಜ್ತಿದೆ?"

ಅಮ್ಮನಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು ಎಂದು ಈಗ ನನಗನ್ನಿಸುತ್ತದೆ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಐದು ನಿಮಿಷ ಹೀಗೇ ಬಿಟ್ಟಿದ್ದರೆ ಅಮ್ಮ ಎಲ್ಲ ತಪ್ಪನ್ನೂ ತನ್ನ ಕಾಲಿನ ಮೇಲೇ ಹಾಕಿಕೊಂಡು ಕಣಕಟ್ಟೆಗೆ ಹೊರಟೇಬಿಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ದಿನಾ ಸಂಜೆ ಏರನ್ನ ಹಿಂದಕ್ಕೆ ಹತ್ತಿಸ್ತಾಳೆ," ಎಂದೆ. "ಮುಂದಕ್ಕೆ ಹತ್ತಿಸಿದ್ರೆ ಬೆಳಿಗ್ಗೆ ಹಿಂದಕ್ಕೆ ಇಳೀಬೇಕಲ್ಲ, ಅದು ಅಜ್ಜಿಗೆ ಆಗಲ್ಲ."

"ಸುಮಿ, ಬಾಯ್ಮುಚ್ಚು," ಎಂದಳು ಅಮ್ಮ. ಅವಳು ನನಗೆ ಅಷ್ಟು ಗಡುಸಾಗಿ ಅದುವರೆಗೆ ಗದರಿರಲಿಲ್ಲ.

ನಂಜುಂಡಣ್ಣ ಬಟ್ಟೆಯಿಂದ ಕೈಯೊರೆಸಿಕೊಂಡು, ಮುಂದಾಗಿ ಹತ್ತಿಸಿದರೆ ಓಟದಲ್ಲೇ ಹತ್ತಿಬಿಡುತ್ತದೆ, ಬೆಳಿಗ್ಗೆ ಇಳಿಜಾರಿನಲ್ಲಿ ಬ್ರೇಕು ಹಿಡಿದು ಬಿಟ್ಟರೆ ತಾನಾಗಿ ಇಳಿಯುತ್ತದೆ, ಕ್ಲಚ್ಚಿಗೆ ಕೆಲಸವೇ ಇಲ್ಲ ಎಂದ. ಆಮೇಲೆ ಲೇತಿನವನನ್ನು ಹುಡುಕಿಕೊಂಡು ಹೋದ. ಅಷ್ಟೇ ನೋಡಿ. ಎಷ್ಟೋ ವರ್ಷವಾಯಿತು, ನಾನೀಗ ಹಾಸನದಲ್ಲಿದ್ದೇನೆ. ಮೊನ್ನೆ ನನ್ನ ಕಾರಿಗೂ ಕ್ಲಚ್ಚು ಹಾಕಿಸುವ ಕಾಲ ಬಂತು. ಗ್ಯಾರೇಜಿನವರು ಫೋನಿನಲ್ಲಿ ನಾಲ್ಕು ಬಗೆಯ ಸೆಟ್ಟು, ಎರಡು ಬಗೆಯ ಫ್ಲೈವೀಲು ತೋರಿಸಿ, ಅಪ್‌ಗ್ರೇಡ್ ಮಾಡಿಸಿ ಮೇಡಂ ಎಂದು ತಲೆ ತಿಂದರು. ಮೊದಲು ಹಳೆಯದು ಯಾಕೆ ಸುಟ್ಟಿತು ಹೇಳಿ ಎಂದೆ. ಅವರಿಗೆ ನಾನು ಜಗಳಗಂಟಿ ಎನ್ನಿಸಿರಬೇಕು. ಇರಬಹುದು. ಆ ಸ್ವಭಾವ ನನಗೆ ಬಂದದ್ದು ನಂಜುಂಡಣ್ಣನ ಗೋಣಿಚೀಲದ ಮುಂದೆ ನಿಂತ ಆ ಮಧ್ಯಾಹ್ನ.

ಆ ಭಾನುವಾರ ಬಸ್ಸಿನಲ್ಲಿ ಮನೆಗೆ ಬರುವಾಗ ಅಪ್ಪ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೊದಲ ಸಲ, ಆ ಕಟ್ಟಳೆಯ ಮೂಲ ಹೇಳಿದ. ತಾತ ಕೊನೆಯ ಸಲ ಕೊಬ್ಬರಿ ಹೇರಿಕೊಂಡು ಅರಸೀಕೆರೆಯ ಮಾರುಕಟ್ಟೆಗೆ ಹೊರಟ ದಿನ ಅಂಗಳದಲ್ಲಿ ಹೊಸದಾಗಿ ಬಣವೆ ಒಟ್ಟಿದ್ದರಂತೆ. ಎತ್ತಿನಗಾಡಿ ತಿರುಗಲು ಜಾಗವಿಲ್ಲದೆ, ಅದನ್ನು ಹಿಂದೆಹಿಂದಕ್ಕೆ ತಳ್ಳಿ ಏರು ಇಳಿಸಿದರಂತೆ. ಮಾರುಕಟ್ಟೆಯಲ್ಲಿ ತಾತ ಕುಸಿದುಬಿದ್ದರು, ಬೇರೆಯವರ ಗಾಡಿಯಲ್ಲಿ ಹೆಣ ಮನೆಗೆ ಬಂತು.

"ಅವ್ವುಂಗೆ ನಾನ್ ಹೆಂಗೆ ಹೇಳ್ಲಿ ಹೇಳು," ಎಂದ ಅಪ್ಪ. "ನಿಮ್ಮಮ್ಮುಂಗೂ ಗೊತ್ತು. ಅದಕ್ಕೇ ಅವಳೂ ಸುಮ್ಕಿರೋದು."

ನನಗೆ ನಾಚಿಕೆಯಾಯಿತು. ಆದರೆ ನಿಜ ಹೇಳಬೇಕೆಂದರೆ ಆಡಿದ್ದು ತಪ್ಪಾಯಿತು ಎಂದು ಅನ್ನಿಸಲಿಲ್ಲ. ಸೋಮವಾರ, ಮಂಗಳವಾರ ಎರಡು ದಿನವೂ ಅಮ್ಮ ಬಸ್ಸಿಗೆ ಹೋಗಿ ತಡವಾಗಿ ಮುಟ್ಟಿದಳು. ಹೆಡ್ ಮಾಸ್ಟರು ಒಂದು ಮಾತು ಅಂದರಂತೆ. ರೂಮಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅದು ಹೋಗಿಯೂ ಇರಲಿಲ್ಲ.

ಮಂಗಳವಾರ ಸಂಜೆ ಕಾರು ತಯಾರಾಯಿತು. ಅರಸೀಕೆರೆಯಿಂದ ಅಮ್ಮನೇ ಓಡಿಸಿಕೊಂಡು ಬಂದಳು. ಪೆಡಲು ಬೆಣ್ಣೆಯಂತಿದೆ ಎಂದಳು, ನನಗಲ್ಲ, ಕಾರಿಗೇ ಹೇಳಿದಂತೆ. ಮನೆಯ ಮುಂದೆ ಬಂದಾಗ ರಸ್ತೆಯಲ್ಲಿ ಕಾರು ತಿರುಗಿಸಲಿಲ್ಲ. ಏರಿನ ಕೆಳಗೆ ನಿಲ್ಲಿಸಿ ಇಳಿದು, ಕುಂಟುತ್ತ ಮೇಲಕ್ಕೆ ಹತ್ತಿ ಹೋದಳು. ಅಜ್ಜಿ ಹೊಸ್ತಿಲಿಗೆ ದೀಪವಿಟ್ಟು ನಿಂತಿದ್ದಳು. ಅಪ್ಪ ಕೊಟ್ಟಿಗೆಯಲ್ಲಿ ಹಗ್ಗ ಹಿಡಿದುಕೊಂಡು ಕಲ್ಲಿನಂತೆ ನಿಂತುಬಿಟ್ಟ.

"ಅತ್ತೆ," ಎಂದಳು ಅಮ್ಮ, "ಹಿಂದಕ್ಕೆ ಹತ್ತಿಸೋದ್ರಿಂದಲೇ ಕ್ಲಚ್ಚು ಸುಡ್ತಿರೋದು. ಇವತ್ತು ಮುಂದಾಗೇ ಹತ್ತಿಸ್ತೀನಿ. ಬೆಳಿಗ್ಗೆ ಹಿಂದಕ್ಕೆ ಇಳೀಬೇಕಾಗುತ್ತೆ. ನಿಮ್ಮ ಮನಸ್ಸಿಗೆ ಆಗಲ್ಲ ಅಂದ್ರೆ ಹೇಳಿಬಿಡಿ, ನಾನು ಬೇಜಾರು ಮಾಡ್ಕೊಳಲ್ಲ. ಕಣಕಟ್ಟೇಲಿ ರೂಮು ನೋಡಿದೀನಿ."

ಅಜ್ಜಿ ಹೊಸ್ತಿಲು ದಾಟಿ ಹೊರಗೆ ಬಂದಳು. ಅಮ್ಮನ ಮಂಡಿಯ ಕಡೆ ನೋಡಿದಳು. ಅಷ್ಟು ದಿನ ಎಣ್ಣೆ ತಿಕ್ಕಿದ ಮಂಡಿ. ಆ ಮುಖದಲ್ಲಿ ಆದದ್ದನ್ನು ನಾನು ನೋಡಿದೆ, ಹೇಳಲು ಬರುವುದಿಲ್ಲ.

"ಇಷ್ಟ್ ದಿನ ಯಾಕ್ ಹೇಳ್ನಿಲ್ಲ ನೀನು," ಎಂದಳು. ಆಮೇಲೆ, "ಹತ್ಸು. ಬೆಳಗಾಗ್ಲಿ, ನೋಡುವ."

ಕಾರು ಒಂದೇ ಉಸಿರಿಗೆ ಹತ್ತಿತು. ಎಂಜಿನ್ನು ಗೋಳಾಡಲಿಲ್ಲ. ಊದುಬತ್ತಿಯ ವಾಸನೆ ಮಾತ್ರ ಬಂತು. ಆದರೂ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ಬೆಳಿಗ್ಗೆ ಅಜ್ಜಿ ಏನು ಹೇಳುತ್ತಾಳೋ ಎಂದು.

ಬೆಳಿಗ್ಗೆ ನಾನು ಸಮವಸ್ತ್ರ ಹಾಕಿಕೊಂಡು ಹೊರಗೆ ಬಂದಾಗ ಅಜ್ಜಿ ಅಂಗಳದಲ್ಲಿರಲಿಲ್ಲ. ದಿನಾ ಹೊಸ್ತಿಲ ಮುಂದೆ ಇರುತ್ತಿದ್ದ ರಂಗೋಲಿಯೂ ಇರಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಅಜ್ಜಿ ಏರು ಮುಗಿದು ರಸ್ತೆ ಸೇರುವಲ್ಲಿ, ಸಗಣಿ ನೀರು ಚಿಮುಕಿಸಿ ಸಾರಿಸಿ, ಮಂಡಿಯೂರಿ ರಂಗೋಲಿ ಬಿಡುತ್ತಿದ್ದಳು. ಎದುರು ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದೇನವ್ವ, ಬೀದೀಲಿ," ಎಂದ ಅಪ್ಪ ಮೇಲಿನಿಂದ.

"ಬೀದಿ ಎಲ್ಲೈತ್ಲಾ? ನಮ್ಮನೆ ಇಲ್ಲೀಗಂಟ ಐತೆ," ಎಂದಳು ಅಜ್ಜಿ, ತಲೆಯೆತ್ತದೆ. "ಮನೆಯೊಳ್ಗೆ ಗಾಡಿ ಹೆಂಗಾದ್ರೂ ಓಡಾಡ್ಲಿ, ನಾನೇನ್ ಕೇಳಲ್ಲ. ಹೊರಡೋದು ಮಾತ್ರ ಇಲ್ಲಿಂದ, ಮುಖ ಮುಂದಾಗಿ ಹೊರಡ್ಲಿ."

ಅಮ್ಮ ಬ್ರೇಕು ಹಿಡಿದು ಕಾರನ್ನು ಮೆಲ್ಲಗೆ ಹಿಂದಕ್ಕೆ ಇಳಿಸಿದಳು, ರಂಗೋಲಿಯನ್ನು ಚಕ್ರಗಳ ನಡುವೆ ಬಿಟ್ಟು ರಸ್ತೆಗೆ ಬಂದು, ಅರಸೀಕೆರೆಯ ಕಡೆಗೆ ತಿರುಗಿಸಿ ನಿಲ್ಲಿಸಿದಳು. ಅಜ್ಜಿ ಕಾರಿನ ಮುಂದೆ ನಿಂತು ಬಾನೆಟ್ಟಿಗೆ ಕುಂಕುಮ ಇಟ್ಟು, "ಹೋಗ್ ಬನ್ನಿ" ಎಂದಳು. ಅಪ್ಪ ಏರಿನ ಮೇಲೆ ನಿಂತು ಟವೆಲಿನಿಂದ ಮುಖ ಒರೆಸಿಕೊಂಡ. ಗಂಡಸಿ ದಾಟಿದ ಮೇಲೆ ಅಮ್ಮ ಜೋರಾಗಿ ನಗಲು ಶುರು ಮಾಡಿದಳು. ನಾನು ಐದು ದಿನದ ಮುನಿಸಿನಲ್ಲಿದ್ದವಳು, ನಗಬಾರದು ಎಂದುಕೊಂಡರೂ ನಕ್ಕೆ. ಆದರೆ ಕೇಳಬೇಕಾದದ್ದನ್ನು ಕೇಳಲಿಲ್ಲ. ಅಪ್ಪ ರೂಮಿನ ಮಾತೆತ್ತಿದಾಗ ನೀನ್ಯಾಕೆ ಸುಮ್ಮನಿದ್ದೆ, ನನ್ನನ್ನು ಬಿಟ್ಟು ಹೋಗಲು ನಿನಗೆ ಮನಸ್ಸಿತ್ತಾ ಎಂದು.

ಅವತ್ತು ಸಂಜೆ ಕಾರು ಮತ್ತೆ ಒಂದೇ ಉಸಿರಿಗೆ ಏರು ಹತ್ತಿತು. ಅಮ್ಮ ಡಿಕ್ಕಿ ತೆಗೆದು ಒಂದು ಗೋಣಿಚೀಲ ಇಳಿಸಿ, "ಇದನ್ನ ಒಳಗಿಟ್ಟು ಬಾ" ಎಂದಳು. ಸೋಮವಾರ ನಾನೇಳುವ ಮುಂಚೆ ಮೊದಲ ಬಸ್ಸಿಗೆ ಹೋಗುವಾಗ ಯಾರಿಗೂ ಹೇಳದೆ ಕಣಕಟ್ಟೆಗೆ ಒಯ್ದು, ಜೊತೆಯ ಟೀಚರೊಬ್ಬರ ಮನೆಯಲ್ಲಿಟ್ಟಿದ್ದ ಸಾಮಾನಂತೆ. ಅಡುಗೆಮನೆಯಲ್ಲಿ ಚೀಲ ಬಿಚ್ಚಿದೆ. ಒಂದು ಸೀಮೆಎಣ್ಣೆ ಸ್ಟೌವು, ಒಂದು ಪಾತ್ರೆ, ಚಾಪೆ. ಅಡಿಯಲ್ಲಿ ಪೇಪರಿನಲ್ಲಿ ಸುತ್ತಿದ್ದ ತಟ್ಟೆಗಳು. ಎರಡು. ನಾನು ಅವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಗ ಅಮ್ಮ ಬಂದಳು.

"ಎರಡು ತಟ್ಟೆ ಯಾಕಮ್ಮ?"

"ಇನ್ನೇನು, ಇಬ್ಬರೂ ಒಂದರಲ್ಲೇ ಉಣ್ಣೋಕಾಗುತ್ತಾ?" ಎಂದಳು, ಸ್ಟೌವನ್ನು ಮೂಲೆಗೆ ಸರಿಸುತ್ತ. "ನೀನು ಒಂದ್ ತುತ್ತಿಗೆ ಗಂಟೆ ಮಾಡೋಳು."